ಫೆಬ್ರವರಿ 28ರ ಬೆಳಿಗ್ಗೆ ಏನಾಯಿತು?

ಈ ವರ್ಷ ಫೆಬ್ರವರಿ 28ರಂದು ನಮ್ಮ ಗೋದಾಮಿನಲ್ಲಿ ಒಂದು ಡ್ರಮ್ ಫೇಲ್ ಆಯಿತು.

ನಾನು ಕೆಲಸ ಮಾಡುವುದು ಬೆಂಗಳೂರಿನ ಹೊರಗಿನ ಒಂದು ಮಾತ್ರೆ ಕಾರ್ಖಾನೆಯಲ್ಲಿ. ಲಾರಿಯಲ್ಲಿ ಬಂದಿಳಿದ ಕಚ್ಚಾ ಮಾಲು ಲೇಬಲ್ಲಿನಲ್ಲಿ ಬರೆದದ್ದೇ ಹೌದಾ ಅಂತ ನೋಡುವುದು ನಮ್ಮ ವಿಭಾಗದ ಕೆಲಸ. ಇದಕ್ಕೆ ಕೈಯಲ್ಲಿ ಹಿಡಿಯುವ ಒಂದು ಯಂತ್ರ ಇದೆ. ನೋಡೋಕೆ ಅಂಗಡಿಯವರ ಬಾರ್‌ಕೋಡ್ ಯಂತ್ರದ ಅಣ್ಣನ ಹಾಗಿರುತ್ತದೆ. ನಾವು ಗನ್ ಅಂತಲೇ ಕರೆಯುತ್ತೇವೆ. ಡ್ರಮ್ಮಿನ ಮುಚ್ಚಳ ತೆಗೆದು, ಒಳಗಿನ ಪ್ಲಾಸ್ಟಿಕ್ ಚೀಲಕ್ಕೆ ಅದರ ಮೂತಿ ಒತ್ತಿ ಗುಂಡಿ ಅದುಮಿದರೆ ಸಾಕು, ಚೀಲ ಬಿಚ್ಚುವ ಗೋಜೇ ಇಲ್ಲ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಪಾಸ್ ಅಂತ ಬರುತ್ತದೆ. ಇಲ್ಲಾ ಕೆಂಪು ಬಣ್ಣದಲ್ಲಿ ಫೇಲ್. ಈ ಗನ್ನಿನ ಪೂರ್ತಿ ಹೆಸರು ರಾಮನ್ ಸ್ಪೆಕ್ಟ್ರೋಮೀಟರ್.

ಆವತ್ತು ಕಾರ್ಖಾನೆಯಲ್ಲಿ ವಿಜ್ಞಾನ ದಿನದ ಸಂಭ್ರಮ. ಕ್ಯಾಂಟೀನಿನ ಬಾಗಿಲಲ್ಲಿ ರಾಮನ್ ಅವರ ಪೇಟದ ರಂಗೋಲಿ, ಒಳಗೆ ಕ್ವಿಜ್, ಗೆದ್ದವರಿಗೆ ಸ್ಟೀಲ್ ನೀರಿನ ಬಾಟಲಿ. ಮೊದಲ ಪ್ರಶ್ನೆ ಏನಿತ್ತು ಅಂತ ನೀವೇ ಊಹಿಸಬಹುದು: ರಾಮನ್ ಪರಿಣಾಮವನ್ನು ಕಂಡುಹಿಡಿದ ದಿನ ಯಾವುದು? ಎಲ್ಲರೂ ಸರಿ ಬರೆದರಂತೆ. ನಾನು ಮಾತ್ರ ಅಲ್ಲಿರಲಿಲ್ಲ. ತಲೆಗೆ ಟೋಪಿ, ಕೈಗೆ ಗವಸು ಹಾಕಿಕೊಂಡು ಸ್ಯಾಂಪ್ಲಿಂಗ್ ಬೂತಿನಲ್ಲಿ ಸೆಲ್ಯುಲೋಸಿನ ಡ್ರಮ್ ಮುಂದೆ ನಿಂತಿದ್ದೆ. ಗುಂಡಿ ಒತ್ತಿದೆ, ಫೇಲ್. ಇನ್ನೊಂದು ಕಡೆ ಒತ್ತಿದೆ, ಫೇಲ್. ಪಕ್ಕದಲ್ಲಿದ್ದ ಹುಡುಗ, 'ಸಾರ್, ಇವತ್ತು ಅದರ ಹುಟ್ಟಿದಹಬ್ಬ ಅಲ್ವಾ, ರಜಾ ಹಾಕಿದೆ ಅನ್ಸುತ್ತೆ' ಅಂದ.

ನಕ್ಕುಬಿಟ್ಟು ಲಾಗ್ ಬುಕ್ ತೆರೆದೆ. ಹೊತ್ತು, ಡ್ರಮ್ ನಂಬರ್, ಫಲಿತಾಂಶ, ಸಹಿ, ದಿನಾಂಕ. ದಿನಾಂಕದ ಕಾಲಮ್ಮಿನಲ್ಲಿ 28/02 ಅಂತ ಬರೆಯುವಾಗ ಸುಮಾರು ಮೂವತ್ತು ವರ್ಷದ ಹಿಂದಿನ ಒಂದು ಪ್ರಶ್ನೆ ಎದ್ದು ಕೂತಿತು. ಅದನ್ನು ಕೇಳಿದ್ದು ನಮ್ಮ ಮೇಷ್ಟ್ರು.

ಮೇಷ್ಟ್ರ ಪ್ರಶ್ನೆ

ತಿಪಟೂರಿನ ಹತ್ತಿರದ ಒಂದು ಹಳ್ಳಿ ಹೈಸ್ಕೂಲು ನಮ್ಮದು. ಹೆಡ್‌ಮಾಸ್ಟರ್ ಕೋಣೆಯ ಹೊರಗೆ ಒಂದು ಕಪ್ಪು ಹಲಗೆ. ಅದರ ಮೇಲೆ ಬಿಳಿ ಪೇಂಟಿನಲ್ಲಿ 'ಇಂದಿನ ವಿಶೇಷ' ಅಂತ ಶಾಶ್ವತವಾಗಿ ಬರೆದಿತ್ತು. ಅದರ ಕೆಳಗೆ ದಿನವೂ ಒಂದು ಸಾಲು ಬರೆಯುವ ಕೆಲಸ ನನ್ನದು, ಯಾಕೆಂದರೆ ನನ್ನ ಅಕ್ಷರ ಚೆನ್ನಾಗಿತ್ತು. ಈ ದಿನ ಯಾರು ಹುಟ್ಟಿದರು, ಯಾರು ಸತ್ತರು, ಯಾವ ಯಂತ್ರ ಓಡಿತು. ಸಹಕಾರ ಸಂಘದವರು ಕೊಟ್ಟ ಒಂದು ಡೈರಿಯ ಪ್ರತಿ ಪುಟದ ಕೆಳಗೂ ಇಂಥದ್ದೊಂದು ಸಾಲು ಅಚ್ಚಾಗಿರುತ್ತಿತ್ತು, ಅದೇ ನನ್ನ ಬಂಡವಾಳ. ಏನೂ ಸಿಗದ ದಿನ ಹಿಂದಿನ ದಿನದ್ದನ್ನೇ ಬರೆದುಬಿಡುತ್ತಿದ್ದೆ. ಎರಡು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಈಗ ಔಷಧಿ ಕಾರ್ಖಾನೆಯಲ್ಲಿ ದಿನಾಂಕ ತಪ್ಪು ಬರೆದರೆ ನೌಕರಿಗೇ ಸಂಚಕಾರ. ಆಗ ಮಾಡಿದ್ದನ್ನು ನೆನೆದರೆ ಬೆವರು ಬರುತ್ತದೆ.

ಹತ್ತನೇ ಕ್ಲಾಸಿನ ಫೆಬ್ರವರಿ 28ಕ್ಕೆ ನಾನೇ ಭಾಷಣಕಾರ. ಬಾಯಿಪಾಠ ಮಾಡಿಕೊಂಡು ಹೋಗಿ, '1928ನೇ ಇಸವಿ ಫೆಬ್ರವರಿ 28ರಂದು ಸರ್ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿ ರಾಮನ್ ಪರಿಣಾಮವನ್ನು ಕಂಡುಹಿಡಿದರು' ಅಂತ ಕಿರುಚಿದೆ. ಚಪ್ಪಾಳೆ ಬಿತ್ತು. ವಿಜ್ಞಾನದ ಮೇಷ್ಟ್ರು ಕೂತಲ್ಲಿಂದಲೇ ಕೇಳಿದರು.

'ಕಂಡುಹಿಡಿದ್ರು ಅಂದ್ಯಲ್ಲ. ಆವತ್ತು ಯಾವ ಹೊತ್ತಲ್ಲಿ ಕಣೋ?'

'ಬೆಳಿಗ್ಗೆ ಸಾರ್' ಅಂದೆ. ಯಾಕೆ ಹಾಗಂದೆನೋ. ದೊಡ್ಡ ಕೆಲಸಗಳೆಲ್ಲ ಬೆಳಿಗ್ಗೆ ಸ್ನಾನ ಮಾಡಿದ ಮೇಲೇ ನಡೆಯುತ್ತವೆ ಅಂತ ಇರಬೇಕು ತಲೆಯಲ್ಲಿ.

'ಬೆಳಿಗ್ಗೆ ಏನಾಯ್ತು? ಅದಕ್ಕೆ ಹಿಂದಿನ ದಿನ ಅವರಿಗೆ ಗೊತ್ತಿರಲಿಲ್ವಾ? 27ನೇ ತಾರೀಕು ರಾತ್ರಿ ಊಟ ಮಾಡಿ ಮಲಗುವಾಗ ಏನೂ ಗೊತ್ತಿಲ್ಲ, ಮಾರನೇ ದಿನ ಎದ್ದಾಗ ಗೊತ್ತಾಗೋಯ್ತು, ಹಾಗಾ?'

ಎಲ್ಲರೂ ನಕ್ಕರು. ನಾನು ಕೆಳಗೆ ಇಳಿದೆ. ಮೇಷ್ಟ್ರು ಅಣಕಿಸೋಕೆ ಕೇಳಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಕಾರಿಡಾರಿನಲ್ಲಿ ಸಿಕ್ಕಾಗ, 'ಗೊತ್ತಾದ್ರೆ ನಂಗೂ ಹೇಳು' ಅಂದರು. ಇನ್ನೊಂದು ಮಾತು ಹೇಳಿಬಿಡುತ್ತೇನೆ. ಇಷ್ಟೆಲ್ಲ ಪ್ರಶ್ನೆ ಕೇಳುವ ಮನುಷ್ಯ ಮಂಗಳವಾರ ಮಾತ್ರ ಹೊಸ ಪಾಠ ಶುರು ಮಾಡುತ್ತಿರಲಿಲ್ಲ. ಹಿಂದಿನ ಪಾಠ ಸೋಮವಾರ ಮುಗಿದುಹೋಗಿದ್ದರೆ ಮಂಗಳವಾರ ರಿವಿಷನ್. ಕೇಳಿದರೆ 'ಮನೇಲಿ ಅಮ್ಮ ಬೇಡ ಅಂತಾರಪ್ಪ' ಅನ್ನುತ್ತಿದ್ದರು.

ಐದು ವರ್ಷದ ಕೊಳೆ

ರಾಮನ್ ಹಡಗಿನಲ್ಲಿ ಕೂತು ಸಮುದ್ರ ನೋಡಿದ ಕತೆ ಎಲ್ಲರಿಗೂ ಗೊತ್ತು. 1921ರಲ್ಲಿ ಇಂಗ್ಲೆಂಡಿನಿಂದ ವಾಪಸ್ ಬರುವಾಗ ಎಸ್.ಎಸ್. ನರ್ಕುಂಡ ಅನ್ನುವ ಹಡಗು, ಮೆಡಿಟರೇನಿಯನ್ನಿನ ಆ ಗಾಢ ನೀಲಿ. ಆಕಾಶದ ಬಣ್ಣವೇ ನೀರಿನಲ್ಲಿ ಕಾಣುತ್ತದೆ ಅಂತ ಇಂಗ್ಲೆಂಡಿನ ದೊಡ್ಡ ವಿಜ್ಞಾನಿ ರೇಲಿ ಹೇಳಿದ್ದ. ರಾಮನ್ ಜೇಬಿನಲ್ಲಿ ನಿಕೋಲ್ ಪಟ್ಟಕ ಅನ್ನುವ, ಬೆಳಕನ್ನು ಸೋಸುವ ಒಂದು ಹರಳು ಇತ್ತು. ಅದನ್ನು ಕಣ್ಣಿಗೆ ಹಿಡಿದು ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದರೂ ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಅಂದರೆ ನೀರೇ ಬೆಳಕನ್ನು ಚೆದುರಿಸುತ್ತಿದೆ. ಕ್ವಿಜ್ ಪುಸ್ತಕಗಳು ಇಲ್ಲಿಂದ ಒಂದೇ ನೆಗೆತಕ್ಕೆ 1928ಕ್ಕೆ ಹೋಗಿಬಿಡುತ್ತವೆ. ನಡುವೆ ಏಳು ವರ್ಷ ಇದೆ ಮಾರಾಯ್ರೆ! ನನಗೆ ಆ ಏಳು ವರ್ಷವೇ ಬೇಕಾಗಿದ್ದದ್ದು.

1923ರಲ್ಲಿ ರಾಮನ್ ಅವರ ಶಿಷ್ಯ ಕೆ. ಆರ್. ರಾಮನಾಥನ್ ಕಲ್ಕತ್ತೆಯ ಬೌಬಜಾರ್ ಬೀದಿಯ ಪ್ರಯೋಗಾಲಯದಲ್ಲಿ ನೀರಿನ ಮೇಲೆ ಬಿಸಿಲು ಹಾಯಿಸಿ ನೋಡುತ್ತಿದ್ದರು. ಉಪಾಯ ಸರಳ. ಬಿಸಿಲು ಒಳಗೆ ಹೋಗುವ ಕಡೆ ನೇರಳೆ-ನೀಲಿ ಗಾಜು ಇಡುವುದು. ನೋಡುವ ಕಡೆ ಆ ನೇರಳೆ-ನೀಲಿಯನ್ನು ಪೂರ್ತಿ ತಡೆಯುವ ಇನ್ನೊಂದು ಬಣ್ಣದ ಗಾಜು ಇಡುವುದು. ಬೆಳಕು ಬಣ್ಣ ಬದಲಿಸದೆ ಬರೀ ಚೆದುರಿದರೆ ಎರಡನೇ ಗಾಜಿನಾಚೆ ಕತ್ತಲೆ ಕಾಣಬೇಕು. ಆದರೆ ಕತ್ತಲೆ ಪೂರ್ತಿ ಕತ್ತಲೆಯಾಗಿರಲಿಲ್ಲ. ಮಸುಕಾಗಿ ಏನೋ ಒಂದು ಉಳಿಯುತ್ತಿತ್ತು.

ಏನದು? ಕೊಳೆ. ಅವರು ಹಾಗೆಯೇ ತಿಳಿದರು. ನೀರಿನಲ್ಲಿ ಎಲ್ಲೋ ಒಂಚೂರು ಕಲ್ಮಶ ಇದೆ, ಅದು ಬೆಳಕು ಕುಡಿದು ಬೇರೆ ಬಣ್ಣದಲ್ಲಿ ಉಗುಳುತ್ತಿದೆ. ಇದಕ್ಕೆ ಪ್ರತಿದೀಪ್ತಿ ಅಂತಾರೆ. ನಾವು ಕಾರ್ಖಾನೆಯಲ್ಲಿ ಫ್ಲೋರೊಸೆನ್ಸ್ ಅಂತಲೇ ಹೇಳುವುದು. ರಾಮನಾಥನ್ ನೀರನ್ನು ಶುದ್ಧ ಮಾಡಿದರು. ಮತ್ತೆ ಮಾಡಿದರು. ನಿರ್ವಾತದಲ್ಲಿ ನಿಧಾನವಾಗಿ ಬಟ್ಟಿ ಇಳಿಸಿದರು. ಆ ಮಸುಕು ಬೆಳಕು ಜಗ್ಗಲಿಲ್ಲ. ಕೊನೆಗೆ 'ಕ್ಷೀಣ ಪ್ರತಿದೀಪ್ತಿ' ಅಂತ ಬರೆದು ಮುಂದಕ್ಕೆ ಹೋದರು. ಎರಡು ವರ್ಷದ ನಂತರ ಇನ್ನೊಬ್ಬ ಶಿಷ್ಯ ಕೆ. ಎಸ್. ಕೃಷ್ಣನ್ ಬೇರೆ ದ್ರವಗಳಲ್ಲೂ ಅದನ್ನೇ ನೋಡಿದರು. ಆಗಲೂ ಅದಕ್ಕೆ ಬೇರೆ ಹೆಸರು ಬರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ಅವರು ನೋಡಿದ್ದೇನು? ನಾವು ಈಗ ರಾಮನ್ ಪರಿಣಾಮ ಅನ್ನುವುದನ್ನೇ! 1923ರಲ್ಲಿ ಅದು ಕಣ್ಣ ಮುಂದೆಯೇ ಇತ್ತು. ತೊಳೆದು ತೊಳೆದು ತೆಗೆದುಹಾಕೋಕೆ ನೋಡಿದರು. ಹೋಗಲಿಲ್ಲ. ಯಾಕೆಂದರೆ ಅದು ಕೊಳೆಯಲ್ಲ, ನೀರಿನದೇ ಗುಣ. ನೀರಿನ ಕಣ ಸುಮ್ನೆ ಕೂತಿರುವುದಿಲ್ಲ, ನಡುಗುತ್ತಿರುತ್ತದೆ. ಒಳಗೆ ಬಂದ ಬೆಳಕು ಆ ನಡುಕಕ್ಕೆ ತನ್ನ ಶಕ್ತಿಯಲ್ಲಿ ಒಂಚೂರು ಕೊಟ್ಟು ಹೊರಟರೆ ಅದರ ಬಣ್ಣ ಕೆಂಪಿನ ಕಡೆಗೆ ಸ್ವಲ್ಪ ಜಾರುತ್ತದೆ. ಒಂದೊಂದು ವಸ್ತುವಿನ ಕಣ ಒಂದೊಂದು ಥರ ನಡುಗುವುದರಿಂದ ಜಾರುವ ಅಳತೆಯೂ ಬೇರೆ ಬೇರೆ. ನನ್ನ ಗನ್ ಡ್ರಮ್ಮಿನೊಳಗೆ ಇರುವುದು ಸಕ್ಕರೆಯೋ ಪ್ಯಾರಾಸಿಟಮಾಲೋ ಅಂತ ಹೇಳುವುದು ಇದನ್ನು ನೋಡಿಯೇ. ಆದರೆ ಹೀಗೆ ಬಣ್ಣ ಬದಲಿಸುವ ಬೆಳಕು ಬಹಳ ಬಹಳ ಕಡಿಮೆ, ಸುಮಾರು ಕೋಟಿಗೆ ಒಂದು ಪಾಲು. ಅದನ್ನು ಕೊಳೆ ಅಂದುಕೊಂಡವರ ಮೇಲೆ ತಪ್ಪು ಹೊರಿಸೋದು ಹೇಗೆ?

ಫೆಬ್ರವರಿ 28ರಂದು ನನ್ನ ಡ್ರಮ್ ಯಾಕೆ ಫೇಲ್ ಆಯಿತು ಗೊತ್ತಾ? ಪ್ರತಿದೀಪ್ತಿ. ಸೆಲ್ಯುಲೋಸ್ ಮರದ ತಿರುಳಿನಿಂದ ಬರುವ ಮಾಲು. ಅದರಲ್ಲಿ ಇರುವ ಏನೇನೋ ಅಂಶಗಳು ಲೇಸರ್ ಬಿದ್ದ ಕೂಡಲೇ ಮಿನುಗುತ್ತವೆ, ಆ ಮಿನುಗಿನಲ್ಲಿ ರಾಮನ್ ಬೆಳಕು ಮುಳುಗಿಹೋಗುತ್ತದೆ. ಪರದೆಯ ಮೇಲೆ ಚೂಪು ಶಿಖರಗಳು ಕಾಣಬೇಕಾದ ಕಡೆ ಎಮ್ಮೆ ಬೆನ್ನಿನ ಹಾಗೆ ಒಂದು ದಿಬ್ಬ. ಇದನ್ನು ತಪ್ಪಿಸೋಕೆ ಅಂತಲೇ ಗನ್ನಿನೊಳಗೆ ಕೆಂಪಿನಾಚೆಯ 785 ನ್ಯಾನೊಮೀಟರ್ ಲೇಸರ್ ಇಟ್ಟಿರುತ್ತಾರೆ, ಆದರೂ ಕೆಲವು ಬ್ಯಾಚುಗಳಲ್ಲಿ ತಪ್ಪುವುದಿಲ್ಲ. ಅಂದರೆ 1923ರಲ್ಲಿ ರಾಮನ್ ಬೆಳಕನ್ನು ನೋಡಿ ಪ್ರತಿದೀಪ್ತಿ ಅಂದುಕೊಂಡರು. ಇವತ್ತು ರಾಮನ್ ಬೆಳಕನ್ನು ಹುಡುಕಿಕೊಂಡು ಹೋದ ನನಗೆ ಪ್ರತಿದೀಪ್ತಿ ಅಡ್ಡ ನಿಂತಿದೆ. ನೂರು ವರ್ಷದಿಂದ ಇವೆರಡರದ್ದೂ ಇದೇ ಕಣ್ಣಾಮುಚ್ಚಾಲೆ.

ರಾತ್ರಿ ಒಂಬತ್ತು ಗಂಟೆಗೆ ಮನೆ ಬಾಗಿಲಲ್ಲಿ

ಮೇಷ್ಟ್ರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೃಷ್ಣನ್ ಅವರ ದಿನಚರಿಯಲ್ಲಿ. ಅವರು 1928ರ ಫೆಬ್ರವರಿಯಲ್ಲಿ ಬರೆದಿಟ್ಟ ಕೆಲವು ದಿನಗಳ ಟಿಪ್ಪಣಿ ಮುಂದೆ ಅಚ್ಚಾಗಿದೆ. ಅದನ್ನು ಮೊದಲ ಸಲ ಓದಿದ ರಾತ್ರಿ ನಾನು ಎರಡು ಸಲ ಓದಿದೆ.

ಅದಕ್ಕೆ ಮುಂಚೆ ಒಂದು ಘಟನೆ ನಡೆದಿತ್ತು. ಪ್ರಯೋಗಾಲಯಕ್ಕೆ ಬಿಡುವಿನ ಹೊತ್ತಲ್ಲಿ ಬಂದು ಕೆಲಸ ಮಾಡುತ್ತಿದ್ದ ಎಸ್. ವೆಂಕಟೇಶ್ವರನ್ ಶುದ್ಧ ಗ್ಲಿಸರಿನ್ನಿನಲ್ಲಿ ಬಿಸಿಲು ಹಾಯಿಸಿದಾಗ ಚೆದುರಿದ ಬೆಳಕು ನೀಲಿಯಾಗಿರದೆ ಹಸಿರಾಗಿ ಹೊಳೆಯಿತು. ಕ್ಷೀಣ ಅನ್ನುವ ಹಾಗೇ ಇರಲಿಲ್ಲ. ಅಮೆರಿಕದ ಕಾಂಪ್ಟನ್ ಎಕ್ಸ್-ಕಿರಣಗಳು ಚೆದುರಿದಾಗ ತರಂಗಾಂತರ ಬದಲಾಗುತ್ತದೆ ಅಂತ 1923ರಲ್ಲೇ ತೋರಿಸಿದ್ದ, 1927ರಲ್ಲಿ ಅವನಿಗೆ ನೊಬೆಲ್ಲೂ ಬಂತು. ಬೆಳಕಿನಲ್ಲೂ ಅಂಥದ್ದೇ ಇರಬೇಕಲ್ಲ? ರಾಮನ್ ತಲೆಯಲ್ಲಿ ಇದು ತಿರುಗುತ್ತಿತ್ತು. ಕೃಷ್ಣನ್ ಅವರನ್ನು ಮತ್ತೆ ಪ್ರಯೋಗಕ್ಕೆ ಕೂರಿಸಿದರು.

ಫೆಬ್ರವರಿ 7. ಕೃಷ್ಣನ್ ಬೆಳಿಗ್ಗೆ ದ್ರವಗಳನ್ನು ನೋಡುತ್ತಾ ಇದ್ದಾರೆ. ಎಲ್ಲ ಶುದ್ಧ ದ್ರವಗಳಲ್ಲೂ ಆ 'ಪ್ರತಿದೀಪ್ತಿ' ಇದೆ, ಜೊತೆಗೆ ಅದು ಚೆನ್ನಾಗಿ ಧ್ರುವೀಕರಣವಾಗಿದೆ, ಅಂದರೆ ಬೆಳಕಿನ ಅಲೆ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಅಲ್ಲಾಡುತ್ತಿದೆ. ಇದು ಎಡವಟ್ಟು. ದ್ರವದ ಸಾಮಾನ್ಯ ಪ್ರತಿದೀಪ್ತಿ ಹಾಗಿರುವುದಿಲ್ಲ. ಪ್ರೊಫೆಸರಿಗೆ, ಅಂದರೆ ರಾಮನ್ ಅವರಿಗೆ, ಹೇಳಿದರೆ ಅವರು ಮೊದಲು ನಂಬಲಿಲ್ಲ. ಬಂದು ತಾವೇ ನೋಡಿದರು, ಒಂದಾದ ಮೇಲೊಂದು. ಹೋದರು. ರಾತ್ರಿ ಊಟ ಮುಗಿಸಿ ಕೃಷ್ಣನ್ ಮತ್ತು ವೆಂಕಟೇಶ್ವರನ್ ಕೋಣೆಯಲ್ಲಿ ಮಾತಾಡುತ್ತಾ ಕೂತಿದ್ದಾರೆ. ಸುಮಾರು ಒಂಬತ್ತು ಗಂಟೆ. ಕೆಳಗಿನಿಂದ ಯಾರೋ ಕೂಗಿದರು. ಇಳಿದುಬಂದು ನೋಡಿದರೆ ಪ್ರೊಫೆಸರ್! ಮೈಯೆಲ್ಲ ಉತ್ಸಾಹ. ಬೆಳಿಗ್ಗೆ ನಾವು ನೋಡಿದ್ದು ಪ್ರತಿದೀಪ್ತಿಯಲ್ಲ, ಇಷ್ಟು ದಿನದಿಂದ ಹುಡುಕುತ್ತಿದ್ದೆವಲ್ಲ, ಯುರೋಪಿನ ಭೌತವಿಜ್ಞಾನಿಗಳಾದ ಕ್ರಾಮರ್ಸ್ ಮತ್ತು ಹೈಸೆನ್‌ಬರ್ಗ್ ಲೆಕ್ಕದಲ್ಲಿ ಹೇಳಿದ್ದು, ಅದೇ ಇದು ಅನ್ನುವುದನ್ನು ಹೇಳೋಕೆ ಬಂದಿದ್ದರು. ಮನೆ ಮುಂದೆ ನಿಂತುಕೊಂಡೇ ಕಾಲು ಗಂಟೆಗೂ ಜಾಸ್ತಿ ಮಾತಾಡಿದರು.

ಈ ದೃಶ್ಯ ನನ್ನ ಕಣ್ಣಿಗೆ ಕಟ್ಟಿಕೊಂಡುಬಿಟ್ಟಿದೆ. ಬೆಳಿಗ್ಗೆ ಕಣ್ಣು ನೋಡಿದ್ದನ್ನು ತಲೆ ಒಪ್ಪಿಕೊಳ್ಳೋಕೆ ರಾತ್ರಿಯಾಗಬೇಕಾಯಿತು. ನಾಳೆ ಸಿಗುತ್ತಾರಲ್ಲ ಅಂತ ಸುಮ್ನಿರೋಕಾಗದೆ ರಾತ್ರಿಯೇ ಶಿಷ್ಯನ ಮನೆಗೆ ಬಂದ ಆ ಮನುಷ್ಯ. ನನ್ನನ್ನು ಕೇಳಿದರೆ, ರಾಮನ್ ಪರಿಣಾಮಕ್ಕೆ ಒಂದು ದಿನ ಬೇಕೇ ಬೇಕು ಅಂದರೆ, ಫೆಬ್ರವರಿ 7ರ ರಾತ್ರಿ ಒಂಬತ್ತು ಗಂಟೆ.

ಆಮೇಲಿನದ್ದು ಬೇಗ ಬೇಗ ನಡೆಯಿತು. 18 ಸೆಂಟಿಮೀಟರ್ ಅಗಲದ ಒಂದು ದೂರದರ್ಶಕದ ಮಸೂರದಿಂದ ಬಿಸಿಲನ್ನು ಒಟ್ಟುಮಾಡಿ ಸುಮಾರು 60 ದ್ರವಗಳಲ್ಲಿ ಹಾಯಿಸಿದರು, ಎಲ್ಲದರಲ್ಲೂ ಅದೇ. ಫೆಬ್ರವರಿ 16ರ ದಿನಾಂಕ ಹಾಕಿ ಲಂಡನ್ನಿನ ನೇಚರ್ ಪತ್ರಿಕೆಗೆ ಒಂದು ಚಿಕ್ಕ ಟಿಪ್ಪಣಿ ಕಳಿಸಿದರು, ಇಬ್ಬರ ಹೆಸರಲ್ಲಿ. ಗಮನಿಸಿ, 28ಕ್ಕೆ ಇನ್ನೂ ಹನ್ನೆರಡು ದಿನ ಬಾಕಿ!

ಹಾಗಾದರೆ 28ರಂದು ಆಗಿದ್ದೇನು? ದಿನಚರಿಯ ಪ್ರಕಾರ 27ರಂದು ಕೃಷ್ಣನ್ ಮನೆಯಲ್ಲಿ ಯಾವುದೋ ಧಾರ್ಮಿಕ ಕಾರ್ಯ. ಪ್ರಯೋಗಾಲಯಕ್ಕೆ ಹೋಗಲಿಲ್ಲ. 28ರಂದು ಹೋದದ್ದು ಮಧ್ಯಾಹ್ನದ ಮೇಲೆ. ಪ್ರೊಫೆಸರ್ ಅಲ್ಲಿದ್ದರು. ಒಳಗೆ ಬಿಡುವ ಬೆಳಕಿನ ಬಣ್ಣದ ಪಟ್ಟಿಯನ್ನು ಇನ್ನೂ ಕಿರಿದು ಮಾಡೋಣ ಅಂತ ನೇರಳೆ-ನೀಲಿ ಗಾಜಿನ ಜೊತೆ ಯುರೇನಿಯಂ ಗಾಜನ್ನೂ ಸೇರಿಸಿದರು. ಬೆಳಕು ಹಾದ ದಾರಿಯನ್ನು, ಬೆಳಕಿನ ಬಣ್ಣಗಳನ್ನು ಬಿಡಿಸಿ ತೋರಿಸುವ ಚಿಕ್ಕ ರೋಹಿತದರ್ಶಕದಿಂದ ನೋಡಿದರು. ಅಲ್ಲಿ ಕಂಡದ್ದು ಅವರೂ ನಿರೀಕ್ಷೆ ಮಾಡಿರಲಿಲ್ಲ. ಒಳಗೆ ಹೋದ ಬಣ್ಣ ಒಂದು ಕಡೆ, ಬದಲಾದ ಬಣ್ಣ ಇನ್ನೊಂದು ಕಡೆ, ನಡುವೆ ಕಪ್ಪು. ಹೊಸ ಬೆಳಕು ಹಳೆಯದರ ಅಂಚಿನಲ್ಲಿ ಚೆಲ್ಲಿಕೊಂಡ ಬಣ್ಣವಲ್ಲ, ಅದು ಬೇರೆಯಾಗಿ ನಿಂತಿತ್ತು. ಬಿಸಿಲು ಬಿಟ್ಟು ಪಾದರಸದ ದೀಪ ಬಳಸಿದಾಗ ಚೂಪಾದ ಗೆರೆಗಳೇ ಕಂಡವು. ಆವತ್ತೇ ಪತ್ರಿಕೆಯವರಿಗೆ ಸುದ್ದಿ ಹೇಳಿದರು.

ಅಂದರೆ ನಾನು ಹತ್ತನೇ ಕ್ಲಾಸಿನಲ್ಲಿ ಕೊಟ್ಟ ಉತ್ತರ ತಪ್ಪು. ಬೆಳಿಗ್ಗೆ ಅಲ್ಲ, ಮಧ್ಯಾಹ್ನ. 27ರ ರಾತ್ರಿ ಮಲಗುವಾಗ ಅವರಿಗೆ ಏನು ಗೊತ್ತಿತ್ತು ಅಂದರೆ, ಮುಕ್ಕಾಲು ಪಾಲು ಗೊತ್ತಿತ್ತು.

ಇನ್ನೊಂದು ತಮಾಷೆ. ಕ್ಯಾಲೆಂಡರ್ ಲೆಕ್ಕ ಹಾಕಿ ನೋಡಿದೆ. 1928ರ ಫೆಬ್ರವರಿ 7 ಮಂಗಳವಾರ, 28ನೂ ಮಂಗಳವಾರ. ಅಷ್ಟೇ ಅಲ್ಲ, ಅದೇ ತಿಂಗಳು ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಸ್ಟಾಮ್ ಅನ್ನುವ ಇಬ್ಬರು ಸ್ಫಟಿಕಶಿಲೆಯಲ್ಲಿ ಇದನ್ನೇ ನೋಡಿದರು, ಕಲ್ಕತ್ತೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಅವರು ಮೊದಲು ನೋಡಿದ್ದು ಫೆಬ್ರವರಿ 21 ಅಂತ ದಾಖಲೆ. ಅದೂ ಮಂಗಳವಾರ! ಅವರ ಬರಹ ಅಚ್ಚಾಗಿದ್ದು ಜುಲೈನಲ್ಲಿ, ಅಷ್ಟು ಹೊತ್ತಿಗೆ ಕಲ್ಕತ್ತೆಯ ಬರಹಗಳು ಊರೆಲ್ಲ ಓಡಾಡಿಯಾಗಿತ್ತು. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ರಷ್ಯಾದವರು ಈ ಪರಿಣಾಮವನ್ನು ಬೇರೆ ಹೆಸರಿನಿಂದಲೇ ಕರೆಯುತ್ತಾರೆ. ಫೆಬ್ರವರಿ 21ರಂದು ಅಲ್ಲಿ ಯಾವ ಸ್ಕೂಲಿನ ಹುಡುಗ ಏನು ಬಾಯಿಪಾಠ ಹೇಳುತ್ತಾನೋ.

ಒಂದು ಡ್ರಮ್ಮಿಗೆ ಎಷ್ಟು ದಿನಾಂಕ

ನಮ್ಮ ಕೆಲಸದಲ್ಲಿ ದಿನಾಂಕ ಅಂದರೆ ದೇವರು. ಡ್ರಮ್ ಗೇಟಿನೊಳಗೆ ಬಂದ ದಿನ ಒಂದು, ಮಾಲು ಬಂತು ಅಂತ ಜಿಆರ್‌ಎನ್ ಅನ್ನುವ ರಸೀದಿ ಮಾಡಿದ ದಿನ ಒಂದು, ಸ್ಯಾಂಪಲ್ ತೆಗೆದ ದಿನ, ಲ್ಯಾಬಿನಲ್ಲಿ ಪರೀಕ್ಷೆ ಶುರುವಾದ ದಿನ, ಮುಗಿದ ದಿನ, ಗುಣಮಟ್ಟ ವಿಭಾಗದವರು (ಕ್ಯೂಎ) ಸಹಿ ಹಾಕಿ ಬಿಡುಗಡೆ ಮಾಡಿದ ದಿನ, ಮತ್ತೆ ಪರೀಕ್ಷೆ ಮಾಡಬೇಕಾದ ದಿನ. ಹಳದಿ ಲೇಬಲ್ ಹೋಗಿ ಹಸಿರು ಲೇಬಲ್ ಬರುವ ಹೊತ್ತಿಗೆ ಒಂದು ಡ್ರಮ್ಮಿನ ಹೆಸರಿನಲ್ಲಿ ಏಳು ದಿನಾಂಕ ಆಗಿರುತ್ತದೆ. ಈ ಡ್ರಮ್ ಯಾವ ದಿನದ್ದು ಅಂತ ಯಾರಾದರೂ ಕೇಳಿದರೆ ನಾನು 'ಯಾವ ದಿನ ಬೇಕು ನಿಮಗೆ' ಅಂತ ವಾಪಸ್ ಕೇಳುತ್ತೇನೆ. ಎಲ್ಲಕ್ಕಿಂತ ದೊಡ್ಡ ಪಾಪ ಬ್ಯಾಕ್ ಡೇಟ್. ಇವತ್ತು ಮಾಡಿದ್ದಕ್ಕೆ ನಿನ್ನೆಯ ದಿನಾಂಕ ಬರೆಯುವುದು. ಆಡಿಟ್‌ಗೆ ಬಂದವರು ಮೊದಲು ಹುಡುಕುವುದು ಅದನ್ನೇ.

ಈ ಅಭ್ಯಾಸದ ಕಣ್ಣಿನಿಂದ ನೋಡಿದರೆ 'ಇತಿಹಾಸದಲ್ಲಿ ಈ ದಿನ' ಅನ್ನುವ ಪಟ್ಟಿಯೆಲ್ಲ ಒಂದು ಥರ ಬ್ಯಾಕ್ ಡೇಟ್ ಮಾಡಿದ ಲಾಗ್ ಬುಕ್ಕಿನ ಹಾಗೆ ಕಾಣುತ್ತದೆ. ಮುಂದೆ ಆಗಿದ್ದನ್ನೆಲ್ಲ ತಂದು ಒಂದು ಹಿಂದಿನ ದಿನದ ಹೆಸರಿಗೆ ಬರೆದುಬಿಡುತ್ತಾರೆ. 1868ರ ಆಗಸ್ಟ್ 18 ತಗೊಳ್ಳಿ. ಗುಂಟೂರಿನಲ್ಲಿ ಗ್ರಹಣ ನೋಡೋಕೆ ಫ್ರಾನ್ಸಿನಿಂದ ಜಾನ್ಸೆನ್ ಬಂದಿದ್ದ. ಆವತ್ತು ಹೀಲಿಯಂ ಸಿಕ್ಕಿತು ಅಂತ ಕ್ವಿಜ್ಜುಗಳಲ್ಲಿ ಇರುತ್ತದೆ. ಸೂರ್ಯನ ಅಂಚಿನಲ್ಲಿ ಒಂದು ಹಳದಿ ಗೆರೆ ಕಂಡದ್ದು ನಿಜ. ಆದರೆ ಅದು ಸೋಡಿಯಂನದ್ದು ಅಂತಲೇ ಮೊದಲು ಅಂದುಕೊಂಡರು. ಮತ್ತೆ ಕೊಳೆಯ ಕತೆ, ನೋಡಿ! ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ, ರಾಮ್ಸೆ ಅನ್ನುವವರಿಗೆ, ಯುರೇನಿಯಂ ಇರುವ ಒಂದು ಖನಿಜದಿಂದ. ನಡುವಿನ 27 ವರ್ಷ ಅದು ಬರೀ ಒಂದು ಹಳದಿ ಗೆರೆ.

ನ್ಯೂಟನ್ನಿನದ್ದು ಇನ್ನೂ ಮಜಾ. ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅಂತ ನಾನು ಆ ಹಲಗೆಯ ಮೇಲೆ ಡಿಸೆಂಬರ್ 25ರಂದು ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದೆ. ಎಂಥಾ ಯೋಗಾಯೋಗ ಅಂತ ಮೈ ಜುಮ್ ಅಂದಿತ್ತು. ಆದರೆ ಗೆಲಿಲಿಯೊ ಸತ್ತದ್ದು 1642ರ ಜನವರಿ 8, ಇಟಲಿಯ ಹೊಸ ಕ್ಯಾಲೆಂಡರಿನಲ್ಲಿ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಇಂಗ್ಲೆಂಡಿನ ಹಳೆಯ ಕ್ಯಾಲೆಂಡರಿನಲ್ಲಿ. ಅದನ್ನೂ ಹೊಸ ಲೆಕ್ಕಕ್ಕೆ ತಂದರೆ 1643ರ ಜನವರಿ 4. ವರ್ಷವೇ ಬೇರೆ! ಎರಡು ಊರಿನ ಗಡಿಯಾರ ಒಂದೇ ಗೋಡೆಗೆ ನೇತುಹಾಕಿ ಯೋಗಾಯೋಗ ಅಂತ ಕುಣಿದಿದ್ದೆ.

ಫೆಬ್ರವರಿ 28ಕ್ಕೆ ಇನ್ನೊಂದು ದೊಡ್ಡ ಸುದ್ದಿಯೂ ಸೇರಿಕೊಂಡಿದೆ. 1953ರ ಇದೇ ದಿನ, ಕೇಂಬ್ರಿಡ್ಜಿನ ಈಗಲ್ ಅನ್ನುವ ಪಬ್ಬಿಗೆ ಮಧ್ಯಾಹ್ನದ ಊಟಕ್ಕೆ ಬಂದ ಕ್ರಿಕ್, ಜೀವದ ರಹಸ್ಯ ನಮಗೆ ಸಿಕ್ಕಿಬಿಟ್ಟಿತು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ ಅಂತ, ಅವನ ಜೊತೆ ಡಿಎನ್‌ಎ ರಚನೆ ಬಿಡಿಸಿದ ವಾಟ್ಸನ್ ಮುಂದೆ ಬರೆದ. ಕ್ರಿಕ್ಕನ್ನು ಕೇಳಿದರೆ, ಹಾಗೆ ಹೇಳಿದ್ದು ತನಗೆ ನೆನಪೇ ಇಲ್ಲ ಅಂದ. ಡಿಎನ್‌ಎ ದಿನ ಅಂತ ಆಚರಿಸುವುದು ಏಪ್ರಿಲ್ 25ರಂದು, ಬರಹ ಅಚ್ಚಾದ ದಿನ. ಅವರಿಗೆ ದೊಡ್ಡ ಸುಳಿವು ಕೊಟ್ಟ ಎಕ್ಸ್-ಕಿರಣದ ಚಿತ್ರವನ್ನು ರೋಸಲಿಂಡ್ ಫ್ರಾಂಕ್ಲಿನ್ ಅವರ ವಿದ್ಯಾರ್ಥಿ ರೇಮಂಡ್ ಗೋಸ್ಲಿಂಗ್ ತೆಗೆದದ್ದು 1952ರ ಮೇ ತಿಂಗಳಲ್ಲಿ. ಆ ದಿನಕ್ಕೆ ಯಾರೂ ಕೇಕ್ ಕತ್ತರಿಸುವುದನ್ನು ನಾನು ಕೇಳಿಲ್ಲ.

ರಾಮನ್ ಪರಿಣಾಮಕ್ಕೂ ಹೀಗೆ ಬೇಕಾದಷ್ಟು ದಿನಾಂಕ ಇವೆ. ಫೆಬ್ರವರಿ 7, 16, 28. ಮಾರನೇ ದಿನ ಪತ್ರಿಕೆಯಲ್ಲಿ ಬಂದ ದಿನ ಅಂತ ಹಿಡಿದರೆ ಫೆಬ್ರವರಿ 29, ಯಾಕೆಂದರೆ 1928 ಅಧಿಕ ವರ್ಷ. ಅದನ್ನು ಆರಿಸಿದ್ದರೆ ನಾಲ್ಕು ವರ್ಷಕ್ಕೊಂದು ಸಲ ರಂಗೋಲಿ ಹಾಕಿ ಮುಗಿಸಬಹುದಿತ್ತು! ನೇಚರ್‌ನಲ್ಲಿ ಮೊದಲ ಟಿಪ್ಪಣಿ ಅಚ್ಚಾದದ್ದು ಮಾರ್ಚ್ 31. ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನ ಅಂತ ಆಚರಿಸೋಕೆ ಶುರುವಾಗಿದ್ದು 1987ರಿಂದ. ಅದಕ್ಕೆ ಮುಂಚೆ ಸುಮಾರು ಅರವತ್ತು ವರ್ಷ ಅದು ಯಾರಿಗೂ ಬೇಡದ ಒಂದು ದಿನ. ರಾಮನ್ ತೀರಿಹೋಗಿದ್ದು 1970ರಲ್ಲಿ, ಅವರು ಈ ದಿನವನ್ನು ನೋಡಲೇ ಇಲ್ಲ.

ಬೆಂಗಳೂರಿನವರಾದ ನಮಗೆ ಮಾತ್ರ ಇನ್ನೊಂದು ದಿನಾಂಕದ ಮೇಲೆ ಹಕ್ಕಿದೆ ಅಂತ ನನ್ನ ವಾದ. 1928ರ ಮಾರ್ಚ್ 16, ಶುಕ್ರವಾರ. ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ನಿನವರು ರಾಮನ್ ಅವರನ್ನು ಭಾಷಣಕ್ಕೆ ಕರೆದಿದ್ದರು. ಸೆಂಟ್ರಲ್ ಕಾಲೇಜಿನಲ್ಲಿ 'ಒಂದು ಹೊಸ ವಿಕಿರಣ' ಅಂತ ಮಾತಾಡಿದರು. ತಾವು ಕಂಡದ್ದನ್ನು ಮೊದಲಿಂದ ಕೊನೆಯವರೆಗೆ, ಸಮುದ್ರದಿಂದ ಪಾದರಸದ ದೀಪದವರೆಗೆ, ವಿಜ್ಞಾನದವರ ಸಭೆಯಲ್ಲಿ ಬಿಡಿಸಿಟ್ಟದ್ದು ಇಲ್ಲಿ. ವಾಪಸ್ ಹೋಗಿ ಆ ಭಾಷಣವನ್ನೇ ಅಚ್ಚು ಹಾಕಿಸಿ ದೇಶದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ಜಗತ್ತು ಇದನ್ನು ವಿವರವಾಗಿ ಓದಿದ್ದು ಬೆಂಗಳೂರಿನ ಈ ಮಾತುಗಳ ಮೂಲಕ. ಐದು ವರ್ಷದ ನಂತರ ಅವರು ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿಗೇ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೇ ಬಂದರು, ಆಮೇಲೆ ಬೆಂಗಳೂರು ಬಿಡಲಿಲ್ಲ.

ಒಂದು ಮಾರ್ಚ್ 16ರಂದು ಮೆಜೆಸ್ಟಿಕ್ ಕಡೆ ಏನೋ ಕೆಲಸ ಇತ್ತು, ಅರ್ಧ ದಿನ ರಜಾ ಹಾಕಿದ್ದೆ. ಕೆಲಸ ಮುಗಿಸಿ ಸುಮ್ನೆ ಸೆಂಟ್ರಲ್ ಕಾಲೇಜಿನ ಆವರಣಕ್ಕೆ ಹೋದೆ. ಕೆಂಪು ಕಟ್ಟಡ, ಗಡಿಯಾರದ ಗೋಪುರ, ಮರದ ಕೆಳಗೆ ನೋಟ್ಸ್ ತಿರುವುತ್ತಾ ಕೂತ ಹುಡುಗಿಯರು. ಭಾಷಣ ಕೇಳೋಕೆ ಬಂದವರು ಇದೇ ದಾರಿಯಲ್ಲಿ ಸೈಕಲ್ ತುಳಿದುಕೊಂಡೋ ಜಟಕಾದಲ್ಲೋ ಬಂದಿರಬೇಕು. ಅವರಲ್ಲಿ ಎಷ್ಟು ಜನಕ್ಕೆ ಅರ್ಥವಾಯಿತೋ. ಹತ್ತು ನಿಮಿಷ ನಿಂತೆ. ಏನೂ ಅನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಏನು ಅನಿಸಿತು ಅಂತ ಹೇಳೋಕೂ ಬರುತ್ತಿಲ್ಲ. ಬಿಸಿಲು ಮಾತ್ರ ಜೋರಾಗಿತ್ತು. ಈ ಪ್ರಯೋಗಕ್ಕೆ ಹೇಳಿ ಮಾಡಿಸಿದ ಹಾಗೆ.

ಮತ್ತೆ ಡ್ರಮ್

ಸೆಲ್ಯುಲೋಸಿನ ಆ ಡ್ರಮ್ಮಿಂದ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದೆವು. ಅತಿಗೆಂಪು ಬೆಳಕಿನಿಂದ ಪರೀಕ್ಷೆ ಮಾಡುವ ಐಆರ್ ಯಂತ್ರದಲ್ಲಿ ಹಾಕಿ ನೋಡಿದರು, ಮಾಲು ಸರಿಯಾಗಿಯೇ ಇತ್ತು. ಮಾರ್ಚ್ 4ರಂದು ಹಸಿರು ಲೇಬಲ್ ಬಿತ್ತು. ಫೆಬ್ರವರಿ 28ರ ಫೇಲ್ ಅನ್ನೂ ಲಾಗ್ ಬುಕ್ಕಿನಿಂದ ಅಳಿಸುವ ಹಾಗಿಲ್ಲ. ಫೇಲ್ ಯಾಕಾಯಿತು ಅಂತ ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. 'ಪ್ರತಿದೀಪ್ತಿಯಿಂದ ಅಡಚಣೆ' ಅಂತ ಬರೆದೆ. ಬರೆಯುವಾಗ ರಾಮನಾಥನ್ ನೆನಪಾದರು. ಮುಂದೆ ಅವರು ಹವಾಮಾನದ ಕಡೆಗೆ ಹೋದರು, ಅಹಮದಾಬಾದಿನ ಭೌತ ಸಂಶೋಧನಾಲಯಕ್ಕೆ ಮೊದಲ ನಿರ್ದೇಶಕರಾದರು, ದೊಡ್ಡ ಹೆಸರು ಮಾಡಿದರು. ಆದರೆ ತಾನು 1923ರಲ್ಲಿ ಬರೆದ ಆ ಎರಡು ಪದ ಅವರಿಗೆ ಎಂದಾದರೂ ರಾತ್ರಿ ನಿದ್ದೆ ಕೆಡಿಸಿರಬಹುದಾ?

ಅವತ್ತು ಸಂಜೆ ಬಸ್ಸಿನಲ್ಲಿ ಕೂತು ಮೇಷ್ಟ್ರಿಗೆ ಫೋನ್ ಮಾಡಿದೆ. ರಿಟೈರ್ ಆಗಿ ಊರಲ್ಲೇ ಇದ್ದಾರೆ, ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಕಿವಿ ಸ್ವಲ್ಪ ಮಂದ. ಹೆಸರು ಹೇಳಿ, ಹಲಗೆ ಬರೀತಿದ್ದೆನಲ್ಲ ಸಾರ್ ಅಂದ ಮೇಲೆ ಗುರುತು ಸಿಕ್ಕಿತು.

'ಸಾರ್, ನೀವು ಕೇಳಿದ್ರಲ್ಲ, ರಾಮನ್ ಯಾವ ಹೊತ್ತಲ್ಲಿ ಕಂಡುಹಿಡಿದ್ರು ಅಂತ. ಮಧ್ಯಾಹ್ನ ಸಾರ್.'

'ಯಾವಾಗ ಕೇಳಿದ್ದೆ ನಾನು?'

ಹೇಳಿದೆ. ಫೆಬ್ರವರಿ 7ರ ರಾತ್ರಿಯದ್ದೂ ಹೇಳಿದೆ, ಕೃಷ್ಣನ್ 27ಕ್ಕೆ ಮನೆಯಲ್ಲಿ ಪೂಜೆ ಅಂತ ರಜಾ ಹಾಕಿದ್ದೂ, ಮಾಸ್ಕೋದ್ದೂ. ಅವರು ಹೂಂ ಹೂಂ ಅನ್ನುತ್ತಾ ಕೇಳಿದರು. ಕೊನೆಗೆ ನಾನು ಆ ಮೂರು ದಿನಾಂಕದ ವಾರ ಯಾವುದು ಅಂತ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

'ಮೂರೂ ಮಂಗಳವಾರಾನಾ?' ಅಂದರು.

'ಹೌದು ಸಾರ್.'

'ಅಯ್ಯೋ, ಅಮ್ಮ ಇರಬೇಕಿತ್ತು ಕಣೋ' ಅಂತ ನಗೋಕೆ ಶುರು ಮಾಡಿದರು.